ಬಿಲ್ಲಾರಾ ಸ್ಟೇಷನ್ನಿನ ಜಾಲಿ ಗಿಡ

ದ್ರಾಕ್ಷಾಯಿಣಿ ಕೆಲಸಕ್ಕೆ ಕೂತಾಗ ಅವಳನ್ನು ಮಾತಾಡಿಸಬಾರದು. ಬಾಯಲ್ಲಿ ದಾರ ಕಚ್ಚಿಕೊಂಡಿರುತ್ತಾಳೆ. ನೀವು ಏನು ಕೇಳಿದರೂ "ಹ್ಞೂಂ" ಅನ್ನುತ್ತಾಳೆ. ಆಮೇಲೆ ಅದೇ ಮಾತು ಎತ್ತಿದರೆ "ನಾ ಯಾವಾಗ ಹ್ಞೂಂ ಅಂದೆ?" ಎಂದು ನಿಮ್ಮನ್ನೇ ಜಬರಿಸುತ್ತಾಳೆ. ಇಷ್ಟು ವರ್ಷದ ಗೆಳೆತನದಲ್ಲಿ ನಾನು ಕಲಿತದ್ದೆಂದರೆ, ಆ ದಾರ ಬಾಯಿಂದ ಹೊರಗೆ ಬರುವ ತನಕ ಚಹಾ ಕುಡಿಯುತ್ತ ಅವಳ ಅತ್ತೆ ಹೊಳಿಯವ್ವನ ಮೊಣಕಾಲು ನೋವಿನ ಕಥೆ ಕೇಳುತ್ತಿರಬೇಕು ಅನ್ನುವುದು.

ಅವಳದು ಬಾಸಿಂಗ ಕಟ್ಟುವ ಕೆಲಸ. ಮದುವೆಯಲ್ಲಿ ಗಂಡು-ಹೆಣ್ಣಿನ ಹಣೆಗೆ ಕಟ್ಟುತ್ತಾರಲ್ಲ, ಅದು. ಬೆಂಡನ್ನು ತೆಳ್ಳಗೆ ಕೊರೆದು, ಜರಿ ಹಾಳೆ ಮಡಚಿ, ಮುತ್ತು ಪೋಣಿಸಿ, ಎಲ್ಲವನ್ನೂ ಜಾಲಿ ಗಿಡದ ಗೋಂದಿನಿಂದ ಅಂಟಿಸುತ್ತಾಳೆ. ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಗಂಡ ದುರ್ಗೇಶ ಮೆಣಸಿನಕಾಯಿ ಚೀಲ ಹೇರಿಕೊಂಡು ಟೆಂಪೋ ಓಡಿಸುತ್ತಾನೆ, ಮನೆಯಲ್ಲಿ ಇದ್ದಾಗಲೂ ನಿದ್ದೆಯಲ್ಲೇ ಇರುತ್ತಾನೆ. ಬ್ಯಾಡಗಿ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಅವರ ಮನೆ, ಓಣಿಯ ಬಾಯಿಗೆ ನನ್ನ ಝೆರಾಕ್ಸ್ ಅಂಗಡಿ. ಲಗ್ನಪತ್ರಿಕೆ ನನ್ನಲ್ಲಿ ಅಚ್ಚಾಗುತ್ತದೆ, ಬಾಸಿಂಗ ಅವಳಲ್ಲಿ ಆಗುತ್ತದೆ. ಹಾಗಾಗಿ ಊರಿನ ಮದುವೆಗಳೆಲ್ಲ ಬೀಗರಿಗಿಂತ ಮೊದಲು ನಮ್ಮಿಬ್ಬರಿಗೆ ಗೊತ್ತಿರುತ್ತವೆ.

ಆದರೆ ಬಾಸಿಂಗದ ಆಯುಷ್ಯ ಒಂದು ದಿನ. ಅಕ್ಷತೆ ಬಿದ್ದ ಮೇಲೆ ಅದನ್ನು ಬಿಚ್ಚಿ ತೊಲೆಗೆ ಕಟ್ಟುವವರು ಕೆಲವರು, ಹೊಳೆಗೆ ಬಿಡುವವರು ಹಲವರು. ಗಣಪತಿಗೆ ಮಂಟಪ ಮಾಡಿದರೆ ಅದು ಗಣಪತಿಯ ಜೊತೆಗೇ ಹೋಗುತ್ತದೆ. ದ್ರಾಕ್ಷಾಯಿಣಿ ಜೀವಮಾನವಿಡೀ ಮಾಡಿದ್ದೆಲ್ಲ ನೀರಿಗೆ ಹೋಗಿದೆ. ಅದರ ಬಗ್ಗೆ ಅವಳು ಗೊಣಗಿದ್ದನ್ನು ನಾನು ಕೇಳಿರಲಿಲ್ಲ, ಆ ಸ್ಟೇಷನ್ ಮಾಡುವ ತನಕ.

ಎರಡು ವರ್ಷದ ಹಿಂದೆ ನಮ್ಮ ಓಣಿಯ ಗಣಪತಿ ಮಂಡಳಿಯವರಿಗೆ ಒಂದು ಹುಕಿ ಬಂತು. ಈ ಸಲ ಗಣಪ್ಪ ಬ್ಯಾಡಗಿ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಕುಂದ್ರಬೇಕು ಅಂತ. ದ್ರಾಕ್ಷಾಯಿಣಿ ಬೆಂಡು ಮತ್ತು ರಟ್ಟಿನಿಂದ ಸ್ಟೇಷನ್ ಕಟ್ಟಿದಳು. ಕಲ್ಲು ಬೆಂಚು, ನೀರಿನ ನಳ, ಹೆಸರಿನ ಹಳದಿ ಬೋರ್ಡು, ಬೆರಳಿನ ಗೆಣ್ಣಿನಷ್ಟು ಮೆಣಸಿನಕಾಯಿ ಚೀಲಗಳು, ಒಂದು ಚೀಲದ ಮೇಲೆ ತಲೆಯಿಟ್ಟು ಮಲಗಿದ ಹಮಾಲ. ರಾಣೇಬೆನ್ನೂರು, ಹಾವೇರಿಯಿಂದ ಜನ ನೋಡಲು ಬಂದರು. ಗಣಪ್ಪನಿಗೆ ಕೈಮುಗಿದು ಸ್ಟೇಷನ್ನಿನ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು. ನಾನು ಅದರ ಪಕ್ಕ ದ್ರಾಕ್ಷಾಯಿಣಿಯನ್ನು ನಿಲ್ಲಿಸಿ ವಿಡಿಯೋ ಮಾಡಿ ನನ್ನ ಅಂಗಡಿಯ ಪೇಜಿಗೆ ಹಾಕಿದೆ.

ಗಣಪತಿ ಬಿಡುವ ದಿನ ಅವಳು ಮಂಡಳಿಯ ಹಿರಿಯ ಪ್ರಭುಲಿಂಗಪ್ಪನವರ ಹತ್ತಿರ ಹೋದಳು. ಬಾಯಲ್ಲಿ ದಾರ ಇರಲಿಲ್ಲ.

"ಯಪ್ಪಾ, ಗಣಪ್ಪನ್ನ ಬಿಡ್ರಿ. ಸ್ಟೇಷನ್ ನನಗ ಇರ್ಲಿ."

"ದೇವರ ಮುಂದ ಇಟ್ಟದ್ದನ್ನ ಮನಿಗೆ ಒಯ್ಯಾಕ ಬರಂಗಿಲ್ಲ ತಂಗಿ," ಅಂದರು ಪ್ರಭುಲಿಂಗಪ್ಪ. "ಅವನ ಜೋಡಿ ಬಂದೈತಿ, ಅವನ ಜೋಡಿನ ಹೋಗಬೇಕು."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಪದ್ಧತಿ ಇರುವುದೇ ಹಾಗೆ. ಆದರೆ ಕೆರೆಯಲ್ಲಿ ಗಣಪ್ಪ ಮುಳುಗಿದ, ಸ್ಟೇಷನ್ ಮುಳುಗಲಿಲ್ಲ. ಬೆಂಡಿನದು, ತೇಲುತ್ತಲೇ ಇತ್ತು. ಹುಡುಗರು ನಗುತ್ತ ಗಳದಿಂದ ಒತ್ತಿ ಒತ್ತಿ ಅದನ್ನು ಮುಳುಗಿಸಿದರು. ದ್ರಾಕ್ಷಾಯಿಣಿ ದಂಡೆಯ ಮೇಲೆ ನಿಂತು ನೋಡಿದಳು. "ಹೋಗ್ಲಿ ಸುಧಕ್ಕ, ನಾವು ಮಾಡೂದ ನೀರಿಗೆ ಬಿಡಾಕ," ಅಂದಳು ನನಗೆ. ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. ಮರುದಿನ ಹೊಳಿಯವ್ವ ಮೊಣಕಾಲಿನ ಸುದ್ದಿ ಬಿಟ್ಟು ಅದೊಂದನ್ನೇ ಹೇಳಿದಳು.

ಆ ವಿಡಿಯೋ ಎಲ್ಲೆಲ್ಲಿ ತಿರುಗಿತೋ, ಕಳೆದ ವರ್ಷ ಆಸ್ಟ್ರೇಲಿಯಾದಿಂದ ಒಬ್ಬರು ನನಗೆ ಮೆಸೇಜು ಹಾಕಿದರು. ಹೆಸರು ಗ್ರೇಮ್, ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಅವರ ಊರು ಬಿಲ್ಲಾರಾ, ಗೋಧಿ ಬೆಳೆಯುವ ಒಣಭೂಮಿಯ ಸಣ್ಣ ಊರು. ಹಿಂದೆ ಅಲ್ಲಿಗೆ ರೈಲು ಬರುತ್ತಿತ್ತಂತೆ. ಹಳಿ ಕಿತ್ತು ಬಹಳ ಕಾಲವಾಯಿತು, ಸ್ಟೇಷನ್ ಕಟ್ಟಡವೂ ಉಳಿದಿಲ್ಲ. ಈಗ ಊರಿನ ವಯಸ್ಸಾದವರೆಲ್ಲ ಸೇರಿ ಒಂದು ಹಳೆಯ ಶೆಡ್ಡಿನಲ್ಲಿ, ಹಲಗೆಗಳ ಮೇಲೆ, ಆ ರೈಲು ದಾರಿಯನ್ನು ಆಟಿಕೆಯಷ್ಟು ಸಣ್ಣದಾಗಿ ಮತ್ತೆ ಕಟ್ಟುತ್ತಿದ್ದಾರೆ. ಹಳಿ, ಸೇತುವೆ, ಗುಡ್ಡ, ಹೊಲ ಎಲ್ಲ ಆಗಿವೆ, ಪುಟ್ಟ ರೈಲು ಓಡುತ್ತದೆ. ಆದರೆ ತಮ್ಮೂರಿನ ಸ್ಟೇಷನ್ನೇ ಆಗಿಲ್ಲ. ಅದನ್ನು ಮಾಡಬೇಕಿದ್ದವರ ಕೈ ನಡುಗಲು ಶುರುವಾಗಿದೆ. ನಿಮ್ಮ ವಿಡಿಯೋದಲ್ಲಿರುವ ಆ ಹೆಣ್ಣುಮಗಳು ಮಾಡಿಕೊಡಬಹುದೇ, ಊರಿನ ವಾರ್ಷಿಕ ಪ್ರದರ್ಶನಕ್ಕೆ ನಮ್ಮ ಲೇಔಟಿನಲ್ಲಿ ಇಡಬೇಕು, ಎಂದು ಕೇಳಿದ್ದರು.

ನಾನು ಓಡಿಹೋಗಿ ಹೇಳಿದೆ. ಮೊದಲು ಮಾತಾಡಿದ್ದು ಹೊಳಿಯವ್ವ.

"ಲೇಔಟಾ? ಅಷ್ಟು ದೂರದಾಗ ಯಾಂವ ಸೈಟ್ ಹಿಡಿತಾನ? ಹಾವೇರಿಯಾಗ ಹಿಡಿದ್ರ ನಾಕ ರೊಕ್ಕರ ಬರ್ತೈತಿ."

ಇದು ಆ ಲೇಔಟ್ ಅಲ್ಲ, ಆಟದ ರೈಲಿನ ಊರಿಗೂ ಅವರು ಹಾಗೇ ಅನ್ನುತ್ತಾರೆ ಎಂದು ತಿಳಿಸಿ ಹೇಳಿದೆ. ಊರಿನ ಹೆಸರು ಕೇಳಿ "ಬಳ್ಳಾರಿ ಅನ್ನು ಮತ್ತ," ಅಂದಳು. ಇವತ್ತಿಗೂ ಅವಳ ಪಾಲಿಗೆ ಅದು ಬಳ್ಳಾರಿಯೇ.

ದ್ರಾಕ್ಷಾಯಿಣಿ ದಾರ ತೆಗೆದು ಒಂದೇ ಮಾತು ಕೇಳಿದಳು. "ಪ್ರದರ್ಶನ ಮುಗಿದ ಮ್ಯಾಲೆ ಎಲ್ಲಿ ಬಿಡ್ತಾರಂತ?"

"ಬಿಡೂದೆಲ್ಲಿ ಬಂತ? ಅದೇನು ಗಣಪತಿಯೇನ?"

"ಪ್ರದರ್ಶನ ಅಂದ್ಯಲ್ಲ. ಜನಾ ನೋಡಾಕ ಇಡೂದು, ಆಮ್ಯಾಲ ತಗದ ಒಗಿಯೂದು. ನಾ ಕಂಡಿಲ್ಲೇನ."

"ಹಂಗಾರ ಕೇಳ್ತೇನಿ ತಡಿ," ಎಂದು ಮೊಬೈಲ್ ಎತ್ತಿದೆ. ಅವಳು ನನ್ನ ಕೈ ಹಿಡಿದಳು.

"ಕೇಳಬ್ಯಾಡ. ಬಿಡ್ತೀವಿ ಅಂದ್ರ ನನಗ ಕೈ ನಡಿಯಂಗಿಲ್ಲ. ಮಾಡಿ ಕಳಸಿದ ಮ್ಯಾಲೆ ನೋಡೂಣು."

ಹೀಗೆ, ತನ್ನ ಕೈಯ ಒಂದು ವಸ್ತುವಾದರೂ ಈ ಭೂಮಿಯ ಮೇಲೆ ಉಳಿಯುತ್ತದೋ ಇಲ್ಲವೋ ತಿಳಿಯದೆಯೇ ಅವಳು ಬಿಲ್ಲಾರಾ ಸ್ಟೇಷನ್ ಕಟ್ಟಲು ಕೂತಳು.

ಗ್ರೇಮ್ ಹಳೆಯ ಫೋಟೋಗಳನ್ನು ಕಳಿಸಿದ್ದರು. ಕಟ್ಟಿಗೆಯ ಹಲಗೆಗಳ ಗೋಡೆ, ಮುಂದೆ ಪಡಸಾಲೆ, ತಗಡಿನ ಛಾವಣಿ, ಪಕ್ಕದಲ್ಲಿ ಮಳೆನೀರು ಹಿಡಿಯುವ ದುಂಡನೆಯ ತಗಡಿನ ಟಾಕಿ. ಅಳತೆಯೂ ಹೇಳಿದ್ದರು. ಮನುಷ್ಯನೊಬ್ಬ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ ಇರಬೇಕು, ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ. ಜೊತೆಗೆ ಒಂದು ಷರತ್ತು. ಅವರ ದೇಶದೊಳಗೆ ಹೊರಗಿನ ಮಣ್ಣು, ಬೀಜ, ಹುಲ್ಲು, ಒಣಕಡ್ಡಿ ಏನೂ ಬರುವಂತಿಲ್ಲ, ಹುಳ ಬರುತ್ತವೆ ಅಂತ. ಬೆಂಡೂ ಬೇಡ, ಗಿಡದ ಗೋಂದೂ ಬೇಡ. ಕಾಗದ, ತಂತಿ, ದಾರ, ಪ್ಲಾಸ್ಟಿಕ್ ಆದರೆ ಅಡ್ಡಿಯಿಲ್ಲ.

"ಬೆಂಡಿಗೆ ಹೆದರೂ ದೇಶ ಯಾವ್ದಿದು," ಎಂದು ಒಂದು ದಿನವಿಡೀ ಮುಖ ಗಂಟು ಹಾಕಿಕೊಂಡಿದ್ದಳು. ಮರುದಿನ ನನ್ನ ಅಂಗಡಿಗೆ ಬಂದು, ತಪ್ಪು ಅಚ್ಚಾಗಿ ಉಳಿದ ಲಗ್ನಪತ್ರಿಕೆಗಳ ಕಟ್ಟನ್ನು ಹೊತ್ತುಕೊಂಡು ಹೋದಳು. ಆ ದಪ್ಪ ಕಾಗದವನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಅಂಗಡಿಯ ಅಂಟು ಹಚ್ಚಿ, ಗೋಡೆಯ ಹಲಗೆ ಮಾಡಿದಳು. ಬಣ್ಣ ಹಚ್ಚಿದ್ದು ಹೊರಮೈಗೆ ಮಾತ್ರ. ಬಿಲ್ಲಾರಾ ಸ್ಟೇಷನ್ನಿನ ಟಿಕೇಟು ಕೊಡುವ ಕೋಣೆಯೊಳಗೆ ಇಣುಕಿದರೆ "ಚಿ. ಸೌ. ಪು" ಎಂದೋ "ಬಂಧು ಬಾಂಧವ" ಎಂದೋ ಕಾಣುತ್ತದೆ. ಒಳಗ್ಯಾಕೆ ಹಾಗೇ ಬಿಟ್ಟೆ ಅಂದರೆ, "ಒಂದ್ ಮನಿ ಅಂದ ಮ್ಯಾಲೆ ಒಂದ್ ಮದವಿ ಆಗಿರಬೇಕಲ್ಲ," ಅಂದಳು.

ತಗಡಿನ ಛಾವಣಿ ಅವಳಿಗೆ ಎಡಗೈ ಕೆಲಸ. ಬಾಸಿಂಗದ ಬೆಳ್ಳಿ ಹಾಳೆಯನ್ನು ಹೇನಿನ ಬಾಚಣಿಗೆಯ ಮೇಲಿಟ್ಟು ಉಗುರಿನಿಂದ ಎಳೆದರೆ ಸಾಲು ಸಾಲು ಗೆರೆ ಬೀಳುತ್ತವೆ. ಹೊಳಪು ಹೆಚ್ಚಾಯಿತೆಂದು ಚಹಾ ಬಣ್ಣದ ಪೇಂಟು ಬಳಿದಳು. ತುಕ್ಕು ಹಿಡಿದಂತೆಯೇ ಕಂಡಿತು. ಕೆಂಪು ಮಣ್ಣಿನ ನೆಲಕ್ಕೆ ಹೊಳಿಯವ್ವ ಮೆಣಸಿನಕಾಯಿ ಪುಡಿ ಉದುರಿಸೋಣ ಎಂದು ಹಟ ಹಿಡಿದಿದ್ದಳು. ಬಣ್ಣದಲ್ಲಿ ನಮ್ಮ ಮೆಣಸಿನಕಾಯಿಯನ್ನು ಮೀರಿಸುವ ಮಣ್ಣು ಎಲ್ಲೈತಿ ಎನ್ನುವುದು ಅವಳ ವಾದ. ಅದೂ ಗಿಡದಲ್ಲೇ ಬೆಳೆದದ್ದು, ನಡೆಯುವುದಿಲ್ಲ ಎಂದು ಬಿಡಿಸಬೇಕಾದರೆ ಸಾಕುಬೇಕಾಯಿತು.

ಇನ್ನು ಗಿಡಗಳು ಉಳಿದವು. ಫೋಟೋದಲ್ಲಿ ಗಿಡ ಸರಿಯಾಗಿ ಕಾಣುತ್ತಿರಲಿಲ್ಲ, ಕಟ್ಟಡದ ಹಿಂದೆ ಮಸಿ ಬಡಿದಂಥ ಗುರುತು ಅಷ್ಟೇ. "ಸ್ಟೇಷನ್ನಿನ ಹಿಂದೆ ದೊಡ್ಡ ಗಮ್ ಟ್ರೀಗಳಿದ್ದವು, ಅವಿಲ್ಲದೆ ಅದು ಬಿಲ್ಲಾರಾ ಅನ್ನಿಸುವುದಿಲ್ಲ," ಎಂದು ಗ್ರೇಮ್ ಬರೆದಿದ್ದರು.

"ಗಮ್ ಅಂದ್ರ?" ಕೇಳಿದಳು.

"ಗೋಂದು. ಗೋಂದಿನ ಗಿಡ."

ಅವಳ ಮುಖ ಅರಳಿತು. "ಹಂಗ ಹೇಳು ಮತ್ತ. ಗೋಂದಿನ ಗಿಡ ಅಂದ್ರ ಜಾಲಿ."

ಬಾಸಿಂಗದವರಿಗೆ ಜಾಲಿಯೇ ಅಲ್ಲವೇ ಗೋಂದಿನ ಗಿಡ. ಅವರ ಮನೆತನ ನಿಂತಿರುವುದೇ ಆ ಅಂಟಿನ ಮೇಲೆ. ನನಗೂ ಅನುಮಾನ ಬರಲಿಲ್ಲ. ಇಬ್ಬರೂ ಬ್ಯಾಡಗಿಯವರು, ಗೋಂದು ಬೇರೆ ಯಾವ ಗಿಡದಲ್ಲಿ ಬರಬೇಕು? ಅವಳಂತೂ ಸ್ಟೇಷನ್ನಿಗೆ ಜಾಲಿ ನೆಟ್ಟ ಜನ ಅಂದರೆ ನಮ್ಮ ಪೈಕಿಯವರೇ ಎಂದು ಖುಷಿಯಾಗಿ ಕೂತಳು. ಹಿತ್ತಾಳೆ ತಂತಿ ಹೆಣೆದು ಬೊಡ್ಡೆ ಮಾಡಿದಳು, ಹಸಿರು ರೇಷ್ಮೆ ದಾರ ಕತ್ತರಿಸಿ ಎಲೆ ಮಾಡಿದಳು, ಕಣ್ಣಿಗೆ ಕಾಣದಂಥ ಮುಳ್ಳೂ ಇಟ್ಟಳು. ಒಂದು ಗಿಡಕ್ಕೆ ಮಾತ್ರ ಹಳದಿ ಕುಚ್ಚಿನ ಪುಡಿಯನ್ನು ಉಂಡೆ ಮಾಡಿ ಹೂವು ಬಿಡಿಸಿದಳು. ನಾಲ್ಕು ಗಿಡ ಹಿಂದೆ ಸಾಲಾಗಿ ನಿಂತವು. ಹೂವಿನ ಗಿಡ ಪ್ಲಾಟ್‌ಫಾರ್ಮಿನ ತುದಿಗೆ ಬಂತು.

ನಾನು ಫೋಟೋ ತೆಗೆದು ಕಳಿಸಿದೆ. ಉತ್ತರ ಬಂತು. ಸ್ಟೇಷನ್ ನೋಡಲು ಶೆಡ್ಡಿನವರೆಲ್ಲ ಫೋನಿನ ಮೇಲೆ ಮುಗಿಬಿದ್ದರಂತೆ, ಅಷ್ಟು ಸರಿಯಾಗಿದೆ ಎಂದಿದ್ದರು. ಕೊನೆಗೆ ಬಹಳ ಸಂಕೋಚದಿಂದ, "ಗಿಡಗಳು ಚೆಂದ ಇವೆ, ಆದರೆ ಇವು ಯಾವುವು? ನಾವು ಗಮ್ ಟ್ರೀ ಅನ್ನುವುದು ಯೂಕಲಿಪ್ಟಸ್‌ಗೆ," ಎಂದು ಬರೆದು ಒಂದು ಚಿತ್ರ ಹಾಕಿದ್ದರು.

ಚಿತ್ರ ನೋಡಿದ ಕೂಡಲೇ ಇಬ್ಬರಿಗೂ ಗೊತ್ತಾಯಿತು. ನೀಲಗಿರಿ.

"ಈ ದರಿದ್ರ ಗಿಡಾ?" ಅಂದಳು. "ನೆಲದಾಗಿನ ನೀರೆಲ್ಲಾ ಕುಡದ ಕುಂದರತೈತಿ. ಇದನ್ನ ಯಾರರ ನೆನಸ್ಕೋತಾರ?"

ಆಮೇಲೆ ಅವಳ ಸಿಟ್ಟು ಇಳಿಯಿತು, ಅದರ ಜಾಗಕ್ಕೆ ಹೆದರಿಕೆ ಬಂತು. ಇಷ್ಟು ದೊಡ್ಡ ತಪ್ಪು ಮಾಡಿದವಳ ಕೆಲಸವನ್ನು ಅವರು ಉಳಿಸಿಕೊಳ್ಳುತ್ತಾರೆಯೇ? ಮೊದಲೇ ಪ್ರದರ್ಶನದ ಮಾಲು. ಆ ದಿನ ಅವಳು ದಾರವನ್ನೇ ಮುಟ್ಟಲಿಲ್ಲ. ನೋಡಲಾಗದೆ, "ಏಳು, ರಾಣೇಬೆನ್ನೂರಿಗೆ ಹೋಗೂಣು," ಅಂದೆ. ರಾಣೇಬೆನ್ನೂರಿನ ಹುಲ್ಲೆ ಕಾಡಿನ ಕಡೆ ನೀಲಗಿರಿ ತೋಪುಗಳಿವೆ. ಬಸ್ಸಿನಲ್ಲಿ ಎಷ್ಟೋ ಸಲ ಅವುಗಳ ಪಕ್ಕದಲ್ಲಿ ಹಾದು ಹೋಗಿದ್ದೇವೆ, ಇಳಿದು ನೋಡಿದವರಲ್ಲ.

ಆಟೋ ಇಳಿದು ರಸ್ತೆಯ ಬದಿಯಲ್ಲೇ ನಿಂತೆವು. ದ್ರಾಕ್ಷಾಯಿಣಿ ಒಂದು ಗಿಡದ ಸುತ್ತ ತಿರುಗಿದಳು. ಸಿಪ್ಪೆ ಸುಲಿದು ಜೋತುಬಿದ್ದಿತ್ತು, ಒಳಗಿನ ಬೊಡ್ಡೆ ಬೂದಿ ಬಿಳುಪು, ಅಲ್ಲಲ್ಲಿ ತಿಳಿ ಗುಲಾಬಿ. ಎಲೆಗಳೆಲ್ಲ ಕೆಳಗೆ ಮುಖ ಮಾಡಿದ್ದವು. ಅವಳು ಬೊಡ್ಡೆಯ ಮೇಲೆ ಅಂಗೈ ಇಟ್ಟಳು.

"ಇದರ ಊರು ಅವರ ದೇಶಾನ ಅಲ್ಲೇನ ಸುಧಕ್ಕ?"

"ಹೌದಂತ. ಅಲ್ಲಿಂದನ ತಂದಾರ."

"ಪಾಪ," ಅಂದಳು. "ಇಷ್ಟ ವರ್ಷ ಇಲ್ಲಿ ನಿಂತೈತಿ, ಬರೀ ಬೈದೇವಿ. ನಿನ್ನೂರು ಯಾವ್ದು ಅಂತ ಯಾರೂ ಕೇಳಿಲ್ಲ."

ಅವಳನ್ನು ನಾನು ಎಷ್ಟು ಆಡಿಕೊಂಡರೂ, ಇಂಥ ಮಾತು ಬಂದಾಗ ಅವಳ ಮೇಲೆ ನನಗೆ ಬಹಳ ಪ್ರೀತಿ ಬರುತ್ತದೆ. ಅವತ್ತೂ ಬಂತು. ರಾಣೇಬೆನ್ನೂರಿನ ಪೇಟೆಯಲ್ಲಿ ಬೂದಿ ಹಸಿರಿನ ರೇಷ್ಮೆ ದಾರ ಹುಡುಕಿ ಹುಡುಕಿ ಅಂಗಡಿಯವರ ತಲೆ ತಿಂದೆವು, ಗಿರಮಿಟ್ ತಿಂದು ಬಸ್ ಹತ್ತಿದೆವು.

ಹೊಸ ಗಿಡಗಳಾದವು. ಸುಲಿದ ಸಿಪ್ಪೆಯನ್ನು ಬೀಡಿ ಕಟ್ಟಿನ ತೆಳ್ಳನೆ ಕಾಗದದಿಂದ ಮಾಡಿದ್ದಳು. ಜಾಲಿಗಳನ್ನು ಕಿತ್ತು ಗೂಡಿನಲ್ಲಿಟ್ಟಳು. ಹೂವಿನ ಜಾಲಿಗೆ ಕೈ ಹಾಕುವ ಹೊತ್ತಿಗೆ ನಾನು ಅಂಗಡಿಯಿಂದ ಓಡಿ ಬಂದೆ. ಗ್ರೇಮ್ ಇನ್ನೊಂದು ಮೆಸೇಜು ಹಾಕಿದ್ದರು. ನಿಂತಲ್ಲೇ ಓದಿ ಕನ್ನಡದಲ್ಲಿ ಹೇಳಿದೆ.

ಅವರ ಗುಂಪಿನಲ್ಲಿ ಬೆರಿಲ್ ಎಂಬ ಅಜ್ಜಿ ಇದ್ದಾಳೆ, ಆ ಕಾಲದ ಸ್ಟೇಷನ್ ಮಾಸ್ತರರ ಮಗಳು. ನಮ್ಮ ಫೋಟೋ ನೋಡಿ ಅವಳು ಹಳದಿ ಹೂವಿನ ಗಿಡದ ಮೇಲೆ ಬೆರಳಿಟ್ಟು ಅತ್ತಳಂತೆ. ಪ್ಲಾಟ್‌ಫಾರ್ಮಿನ ಅದೇ ತುದಿಯಲ್ಲಿ ಒಂದು ಗಿಡ ಇತ್ತು, ಅವರ ಕಡೆ ಅದಕ್ಕೆ ವಾಟಲ್ ಅನ್ನುತ್ತಾರೆ, ಜಾಲಿಯ ದಾಯಾದಿ, ಅಂಥದೇ ಹಳದಿ ಉಂಡೆ ಹೂವು. ಯಾವ ಫೋಟೋದಲ್ಲೂ ಅದು ಬಿದ್ದಿಲ್ಲ. ಸಣ್ಣವಳಿದ್ದಾಗ ಶಾಲೆಯ ರೈಲು ಕಾಯುತ್ತ ಅದರ ಕೆಳಗೆ ನಿಲ್ಲುತ್ತಿದ್ದೆ, ಹೂವಿನ ಪುಡಿ ಹೆಗಲ ಮೇಲೆ ಬೀಳುತ್ತಿತ್ತು, ರೈಲು ಬರುವ ಮೊದಲು ಅಮ್ಮ ಬಂದು ಜಾಡಿಸುತ್ತಿದ್ದಳು, ಇದನ್ನೆಲ್ಲ ನಾನೇ ಮರೆತಿದ್ದೆ, ಅಂದಳಂತೆ. ಹಿಂದಿನವನ್ನು ಬೇಕಾದರೆ ಬದಲಿಸಿ, ಆ ಒಂದು ಗಿಡ ಮುಟ್ಟಬೇಡಿ ಎಂದು ಅವಳು ಕೇಳಿಕೊಂಡಿದ್ದಾಳೆ. ಅಲ್ಲಿ ಗಿಡವಿತ್ತೆಂದು ನಿಮಗೆ ಹೇಗೆ ಗೊತ್ತಾಯಿತು ಎಂದೂ ಕೇಳಿದ್ದಾಳೆ.

ದ್ರಾಕ್ಷಾಯಿಣಿ ಜಾಲಿಯಿಂದ ಕೈ ತೆಗೆದಳು.

"ನನಗೇನ ಗೊತ್ತ. ಜಾಗಾ ಖಾಲಿ ಕಂಡ್ತು, ಇಟ್ಟೆ," ಅಂದಳು. ಆ ಹೂವನ್ನೇ ನೋಡುತ್ತ, "ಗುತ್ತಲದಾಗ, ತವರಮನ್ಯಾಗ, ನಮ್ಮವ್ವನೂ ಜಾಡಸ್ತಿದ್ಲು. ಜಾಲಿ ಹೂವು ಲಂಗಕ್ಕ ಹತ್ತಿದ್ರ ಲಗೂ ಬಿಡಂಗಿಲ್ಲ," ಅಂದಳು.

ಹಾವೇರಿಯ ಅಂಚೆ ಕಚೇರಿಗೆ ಇಬ್ಬರೂ ಹೋದೆವು. ಡಬ್ಬವನ್ನು ಬಸ್ಸಿನಲ್ಲಿ ಅವಳು ನನಗೆ ಹಿಡಿಯಲು ಕೊಡಲಿಲ್ಲ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದಳು. ಕೌಂಟರಿನಲ್ಲಿ ಕೊಡುವಾಗ ಡಬ್ಬಕ್ಕೆ ಹಣೆ ಮುಟ್ಟಿಸಿದಳು. ಬಾಸಿಂಗ ಮನೆಯಿಂದ ಹೊರಡುವಾಗ ಹಾಗೆ ಮಾಡುವುದು ಅವಳ ಪದ್ಧತಿ. ಕೌಂಟರಿನ ಒಳಗಿದ್ದವರು ಡಬ್ಬದಲ್ಲಿರುವುದು ದೇವರೇ ಎಂದು ಕೇಳಿದರು. "ಅಲ್ರಿ, ಸ್ಟೇಷನ್," ಅಂದೆ.

ಅದು ಮುಟ್ಟಿತು. ಪ್ರದರ್ಶನವೂ ಆಯಿತು. ಗ್ರೇಮ್ ವಿಡಿಯೋ ಕಳಿಸಿದರು. ಕೆಂಪು ನೆಲದ ಗುಡ್ಡ ಸುತ್ತಿ ಪುಟ್ಟ ರೈಲು ಬರುತ್ತದೆ, ನೀಲಗಿರಿಯ ನೆರಳು ದಾಟಿ ಜಾಲಿಯ ಹತ್ತಿರ ನಿಲ್ಲುತ್ತದೆ, ಸುತ್ತ ನಿಂತ ಬಿಳಿತಲೆಗಳು ಚಪ್ಪಾಳೆ ತಟ್ಟುತ್ತವೆ. ಹೊಳಿಯವ್ವ ಮತ್ತೆ ಮತ್ತೆ ಹಾಕಿಸಿ ನೋಡಿದಳು. "ಬಳ್ಳಾರಿ ಭಾಳ ಸುಧಾರಿಸೇತಿ," ಅಂದಳು. ದ್ರಾಕ್ಷಾಯಿಣಿ ಒಂದೇ ಸಲ ನೋಡಿ ಬಾಸಿಂಗಕ್ಕೆ ಕೂತಳು. ಮದುವೆಯ ಹಂಗಾಮು, ಕೈತುಂಬ ಕೆಲಸ. ಆದರೆ ಅವಳ ಬೆರಳುಗಳು ಸರಿಯಾಗಿ ಓಡುತ್ತಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಒಂದು ಸಂಜೆ ದಾರ ತೆಗೆದು, ನನ್ನ ಕಡೆ ನೋಡದೆ ಹೇಳಿದಳು. "ಈಗ ಕೇಳು."

ನಮ್ಮ 'ಬಿಡುವುದು' ಅನ್ನುವ ಮಾತಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. ಕೆರೆ, ಗಣಪತಿ, ಗಳ ಎಲ್ಲ ಬರೆಯಲು ಹೋಗಿ ಅಳಿಸಿದೆ. ಕೊನೆಗೆ ತೋಚಿದ್ದನ್ನು ಬರೆದೆ. ಪ್ರದರ್ಶನ ಮುಗಿಯಿತಲ್ಲ, ಸ್ಟೇಷನ್ನನ್ನು ಎಲ್ಲಿ ಬಿಡುತ್ತೀರಿ ಎಂದು ಆಕೆ ಕೇಳುತ್ತಿದ್ದಾಳೆ.

ಅವಳು ಮತ್ತೆ ದಾರ ಕಚ್ಚಿಕೊಂಡಳು. ನಾನು ಚಹಾ ಕುಡಿಯುತ್ತ ಕೂತೆ. ಹೊಳಿಯವ್ವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ಉತ್ತರ ಬಂದಾಗ ಲೋಟ ಕೆಳಗಿಟ್ಟೆ.

"ಓದು," ಅಂದಳು ಹೊಳಿಯವ್ವ.

"ಪ್ರಶ್ನೆ ನನಗೆ ಸರಿಯಾಗಿ ತಿಳಿಯಲಿಲ್ಲ," ಎಂದು ಬರೆದಿದ್ದರು ಗ್ರೇಮ್. "ಎಲ್ಲಿ ಬಿಡುವುದು ಅಂದರೆ? ಎಲ್ಲಿದೆಯೋ ಅಲ್ಲೇ ಬಿಡುತ್ತೇವೆ. ಅದನ್ನು ಹಲಗೆಗೆ ಅಂಟಿಸಿದ್ದೇವೆ, ತೆಗೆಯಬೇಕೆಂದರೂ ಬರುವುದಿಲ್ಲ. ಬೆರಿಲ್ ಶೆಡ್ಡಿಗೆ ಬಂದಾಗಲೆಲ್ಲ ಗಿಡದ ಧೂಳು ಒರೆಸುತ್ತಾಳೆ."

ಕೆಳಗೆ ಒಂದು ಫೋಟೋ ಇತ್ತು. ಖಾಲಿ ಶೆಡ್ಡಿನಲ್ಲಿ ಒಬ್ಬ ಅಜ್ಜಿ ಬಗ್ಗಿ, ಚಿತ್ರ ಬರೆಯುವ ಸಣ್ಣ ಬ್ರಶ್ಶಿನಿಂದ ಜಾಲಿಯ ಹೂವು ಜಾಡಿಸುತ್ತಿದ್ದಳು.

"ಅಲ್ಲೇ ಬಿಡ್ತಾರಂತ," ಎಂದು ಹೊಳಿಯವ್ವ ಸೊಸೆಗೆ ಇನ್ನೊಂದು ಸಲ ಹೇಳಿದಳು, ಕೇಳಿಸಿತೋ ಇಲ್ಲವೋ ಅನ್ನುವಂತೆ. ದ್ರಾಕ್ಷಾಯಿಣಿ ತಲೆ ಎತ್ತಲಿಲ್ಲ. ಅವಳ ಮಡಿಲಲ್ಲಿದ್ದ ಬಾಸಿಂಗದ ಬೆಂಡಿನ ಮೇಲೆ ಹನಿಗಳು ಬಿದ್ದವು.

"ಅಳಾಕತ್ತಿಯೇನ?" ಕೇಳಿದೆ.

"ಹ್ಞೂಂ," ಅಂದಳು.

ಆಮೇಲೆ ದಾರ ತೆಗೆದ ಮೇಲೂ, ನಾ ಯಾವಾಗ ಹ್ಞೂಂ ಅಂದೆ ಎಂದು ನನ್ನನ್ನು ಜಬರಿಸಲಿಲ್ಲ.